ಲಂಟಾನ ಆನೆಗಳು: ಮೈಗೆ ಪೂರ್ಣ ಅಂಕ, ಬೇರಿನ ಲೆಕ್ಕ ಬಾಕಿ

ಆನೆಯ ಶಿಲ್ಪ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ದಾರ ಸಾಕು. ಏಷ್ಯಾದ ಆನೆಯ ಮುಂಗಾಲಿನ ಪಾದದ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಭುಜದ ಎತ್ತರ ಸಿಗುತ್ತದೆ. ರೆಸಾರ್ಟ್ ಗೇಟಿನ ಸಿಮೆಂಟ್ ಆನೆಗಳಲ್ಲಿ ಬಹುಪಾಲು ಇಲ್ಲೇ ಮುಗ್ಗರಿಸುತ್ತವೆ. ಇದರಲ್ಲಿ ಪಾಸಾದರೂ ಕಿವಿ ಆಫ್ರಿಕಾದ್ದಾಗಿರುತ್ತದೆ, ಇಲ್ಲವೇ ಹೆಣ್ಣಾನೆಗೆ ಮಾರುದ್ದ ಕೋರೆ ಬಂದಿರುತ್ತದೆ.

ಈ ದಾರ ಹಿಡಿದು ಧೈರ್ಯವಾಗಿ ಹತ್ತಿರ ಹೋಗಬಹುದಾದ ಶಿಲ್ಪಗಳೆಂದರೆ ಲಂಟಾನ ಎಂಬ ಕಳೆಗಿಡದ ಕಡ್ಡಿಯ ಆನೆಗಳು. 2021ರಲ್ಲಿ ಲಂಡನ್‌ನ ಗ್ರೀನ್ ಪಾರ್ಕಿನಲ್ಲಿ, 2024ರ ಆರಂಭದಲ್ಲಿ ನಮ್ಮ ಲಾಲ್‌ಬಾಗಿನಲ್ಲಿ ನಿಂತವು ಇವೇ. ಅದೇ ವರ್ಷ 100 ಆನೆಗಳ ಹಿಂಡು ಅಮೆರಿಕಕ್ಕೂ ಹೋಗಿ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿ ಬೀಚ್ ಸುತ್ತಿತು. ತಯಾರಿ ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್ ಎಂಬ ಸಂಸ್ಥೆಯದು. ನೀಲಗಿರಿ ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್ ಸಮುದಾಯದವರದ್ದೂ ಸೋಲಿಗರದ್ದೂ ಕೈಕೆಲಸ. ಪ್ರತಿ ಆನೆಗೂ ಕಾಡಿನಲ್ಲಿ ಓಡಾಡುವ ಒಂದು ನಿಜವಾದ ಆನೆಯೇ ಮಾದರಿ. ಹಾಗಾಗಿ ಹಿಂಡಿನಲ್ಲಿ ಒಂದರಂತೆ ಇನ್ನೊಂದಿಲ್ಲ.

ಮೊದಲು ಕಬ್ಬಿಣದ ಸರಳು ಬಗ್ಗಿಸಿ, ಬೆಸುಗೆ ಹಾಕಿ ಪೂರ್ಣ ಗಾತ್ರದ ಪಂಜರ ಕಟ್ಟುತ್ತಾರೆ. ಲಂಟಾನ ಕಡ್ಡಿಗಳನ್ನು ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ತೊಗಟೆ ಸುಲಭವಾಗಿ ಸುಲಿದು ಬರುತ್ತದೆ, ಕಡ್ಡಿಯೂ ಹೇಳಿದಂತೆ ಕೇಳುತ್ತದೆ. ಹಸಿ ಇರುವಾಗಲೇ ಬಗ್ಗಿಸಿ ಪಂಜರಕ್ಕೆ ಹೊಂದಿಸಬೇಕು, ಒಣಗಿದರೆ ಮುರಿಯುತ್ತದೆ. ಮೈಯ ಸುತ್ತ ಹೊಂದಿಸಿ ಮೊಳೆ ಹೊಡೆಯುತ್ತಾ ಬಂದಾಗ ಕಡ್ಡಿಗಳ ಸಾಲೇ ಚರ್ಮದ ಸುಕ್ಕಾಗಿ ಬಿಡುತ್ತದೆ. ಎರಡು ಹೆಜ್ಜೆ ಹತ್ತಿರದಿಂದ ನೋಡಿದರೆ ಕಡ್ಡಿ ಮತ್ತು ಮೊಳೆತಲೆ, ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಆನೆ. ನೆತ್ತಿಯ ಎರಡು ಉಬ್ಬು, ಬೆನ್ನಿನ ಕಮಾನು ನೋಡುವ ಕಣ್ಣಿಗೆ ಮೊದಲು ಬೀಳಬೇಕಾದವು, ಇಲ್ಲಿ ಬೀಳುತ್ತವೆ.

ಇದೇ ಜಾತಿಯ ಇನ್ನೊಂದು ಪ್ರಯೋಗ ಎಲಿಫೆಂಟ್ ಪರೇಡ್. ಥಾಯ್ಲೆಂಡಿನಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡು ಕೃತಕ ಕಾಲು ಪಡೆದ ಮೋಷಾ ಎಂಬ ಮರಿಯಾನೆ ಅದಕ್ಕೆ ಪ್ರೇರಣೆ. ಶುರುವಾದದ್ದು 2007ರಲ್ಲಿ, ರಾಟರ್‌ಡ್ಯಾಮಿನಲ್ಲಿ. ಮರಿಯಾನೆ ಪ್ರತಿಮೆಗಳಿಗೆ ಕಲಾವಿದರು ಬಣ್ಣ ಬಳಿಯುತ್ತಾರೆ, ಆಮೇಲೆ ಹರಾಜು. ಹಣ ಎತ್ತಲು ಒಳ್ಳೆಯ ದಾರಿ, ಮಕ್ಕಳಿಗೂ ಖುಷಿ. ಆದರೆ ಬಣ್ಣ ಹೆಚ್ಚಾದಷ್ಟೂ ಆನೆ ಮರೆಯಾಗಿ ಕ್ಯಾನ್ವಾಸ್ ಉಳಿಯುತ್ತದೆ. ಲಂಟಾನ ಆನೆಯಲ್ಲಿ ಆಟ ಇರುವುದು ಬಣ್ಣದಲ್ಲಲ್ಲ, ನಿಲ್ಲಿಸುವ ರೀತಿಯಲ್ಲಿ. ತಾಯಿಯ ಹೊಟ್ಟೆಯಡಿ ಮರಿ, ಸ್ವಲ್ಪ ದೂರದಲ್ಲಿ ಒಂಟಿ ಸಲಗ, ನಡುವೆ ಜನ ನುಸುಳಿ ಹೋಗುವಷ್ಟು ಜಾಗ. ಒಂದೇ ಆನೆ ಕೊಂಡು ಲಾಬಿಯ ಮೂಲೆಯಲ್ಲಿಟ್ಟರೆ ಇದರ ಅರ್ಧ ಗುಣ ಹೋಯಿತೆಂದೇ ಲೆಕ್ಕ.

ಕೊಳ್ಳುವವರು ಗಮನಿಸಬೇಕಾದ್ದು ಪಾದ. ಮಣ್ಣಿಗೆ ನೇರ ತಾಗಿದ ಕಡ್ಡಿ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ಹೊರಗೆ ಮೈ ಗಟ್ಟಿ ಕಾಣುತ್ತಿರುವಾಗಲೇ ಪಾದ ಒಳಗಿಂದ ಸೋಲುತ್ತಿರುತ್ತದೆ. ನೀರು ಬಸಿಯುವ ಜಲ್ಲಿಯ ಮೇಲೆ ಇಲ್ಲವೇ ನೆಲಕ್ಕಿಂತ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿ. ಕಡ್ಡಿ ಒಣಗಿ ಕುಗ್ಗಿದಾಗ ಮೊಳೆ ಸಡಿಲಾಗುತ್ತದೆ, ತಲೆ ಹೊರಗೆ ಇಣುಕುತ್ತದೆ. ಮಕ್ಕಳ ಕೈ ಎಟುಕುವ ಎತ್ತರವನ್ನಾದರೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸವರಿ ನೋಡಿ ಹೊಡೆಯಬೇಕು. ಮೊದಲು ಜಗ್ಗುವುದು ಕಿವಿ, ಬಾಲ, ಸೊಂಡಿಲ ತುದಿ. ಮೂರಕ್ಕೂ ಒಂದೇ ಬದಿಯ ಆಸರೆ, ಮೂರಕ್ಕೂ ಜೋತುಬೀಳುವವರು ಇದ್ದೇ ಇರುತ್ತಾರೆ. 'ಹತ್ತಬೇಡಿ' ಫಲಕಕ್ಕಿಂತ ಸುತ್ತ ಮೊಣಕಾಲೆತ್ತರದ ಹುಲ್ಲು ಬಿಡುವುದು ಹೆಚ್ಚು ಕೆಲಸ ಮಾಡುತ್ತದೆ.

ಫಲಕದ ವಿಷಯ ಬಂದದ್ದಕ್ಕೆ, ಅದರಲ್ಲಿ ಕಾಡಾನೆಗಳ ಸಂಖ್ಯೆ ಬರೆಸುವವರಿಗೆ ಒಂದು ಮಾತು. ಡಿಎನ್‌ಎ ಆಧಾರಿತ ಅಂದಾಜು 2025ರಲ್ಲಿ ಹೊರಬಂದಿದೆ: ದೇಶದಲ್ಲಿ 22,446 ಆನೆ, ಕರ್ನಾಟಕದಲ್ಲಿ 6,013. ಇದನ್ನು 2017ರ ಎಣಿಕೆಯ ಪಕ್ಕದಲ್ಲಿಟ್ಟು 'ಇಷ್ಟು ಸಾವಿರ ಕಡಿಮೆಯಾದವು' ಎಂದು ಬರೆಯಬೇಡಿ. ಎಣಿಸಿದ ವಿಧಾನವೇ ಬೇರೆ.

ಇನ್ನು ಅಸಲು ತಕರಾರು. ಲಂಟಾನ ಅಮೆರಿಕ ಖಂಡದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆ ತಂದದ್ದು. ಈಗ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಆಳೆತ್ತರದ ಪೊದೆಯಾಗಿ ಹುಲ್ಲನ್ನು ನುಂಗಿದೆ. ಆನೆಗೆ ಮೇವು ತಪ್ಪಿಸಿದ ಗಿಡದಿಂದಲೇ ಆನೆ ಮಾಡಿದ್ದಾರೆ ಎಂಬುದು ಈ ಶಿಲ್ಪದ ಜೀವಾಳ, ಜಾಣತನ ಕೂಡ. ಆದರೆ ಶಿಲ್ಪಕ್ಕೆ ಬೇಕಾದದ್ದು ಒಳ್ಳೆಯ ಕಡ್ಡಿ, ಕಾಡಿಗೆ ಬೇಕಾದದ್ದು ಇಡೀ ಪೊದೆ ಹೋಗುವುದು. ನೆಲದ ಮೇಲೆ ಕಡಿದರೆ ಬುಡ ಮತ್ತೆ ಚಿಗುರುತ್ತದೆ, ಮುಂಚೆಗಿಂತ ಒತ್ತಾಗಿಯೇ. ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗೆ ಮಾಡಿ ಒಣಗಲು ಬಿಡಬೇಕು. ಅಷ್ಟಕ್ಕೂ ಮುಗಿಯುವುದಿಲ್ಲ: ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿ ಮುಂದಿನ ಮಳೆಗೆ ಸಸಿ ಏಳುತ್ತವೆ, ಅವನ್ನು ಚಿಕ್ಕದಿರುವಾಗಲೇ ಕೀಳಬೇಕು. ಮೊದಲು ನೆಲದ ಒಣ ಎಲೆ ಸುಡುವ ತರಗು ಬೆಂಕಿ ಹಾಕುತ್ತಿದ್ದಾಗ ಈ ಸಸಿಗಳಿಗೆ ಉಳಿಗಾಲವಿರಲಿಲ್ಲ, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಏರಿತು ಎನ್ನುತ್ತಾರೆ ಸೋಲಿಗರು.

ಅಮೆರಿಕದಲ್ಲಿ ಮರಿಗೆ ಸುಮಾರು 8,000 ಡಾಲರ್, ದೊಡ್ಡ ಗಂಡಿಗೆ 22,000 ಡಾಲರಿನ ಆಸುಪಾಸು ಬೆಲೆ ಇತ್ತು. ದುಬಾರಿ ಅನ್ನಿಸಿದರೆ ಸಹಜ. ಕಡ್ಡಿ ಹೆಕ್ಕುವುದರಿಂದ ಮೊಳೆಯವರೆಗೆ ಪೂರ್ತಿ ಕೈಕೂಲಿ. ಇಷ್ಟು ಕೊಡುವವರು ಇನ್ನೆರಡು ಪ್ರಶ್ನೆ ಕೇಳಲಿ. ನಮ್ಮ ಆನೆಯ ಕಡ್ಡಿ ಬಂದ ಜಾಗ ಯಾವುದು? ಅಲ್ಲಿ ಬೇರು ಕಿತ್ತದ್ದು, ಮರುವರ್ಷ ಸಸಿ ಕಿತ್ತದ್ದು ಯಾವ ತಿಂಗಳು? ಉತ್ತರವನ್ನು ಆನೆಯ ಪಕ್ಕದ ಫಲಕದಲ್ಲೇ ಬರೆಸಿ.