ಏಳದ ಲಿನಕ್ಸನ್ನು ಎಬ್ಬಿಸಿದ್ದು ಯಾವುದು? ಹಳೇ ಕರ್ನೆಲ್, ಪೆನ್‌ಡ್ರೈವ್, ಟೈಮ್‌ಶಿಫ್ಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಕರ್ನೆಲ್‌ಗೆ, ಅಂದರೆ ಲಿನಕ್ಸಿನ ತಿರುಳಾದ ಪ್ರೋಗ್ರಾಮಿನ ಹಿಂದಿನ ಆವೃತ್ತಿಗೆ. ಒಂದು ಪೈಸೆ ಖರ್ಚಿಲ್ಲದೆ, ಚಾ ಆರುವುದರೊಳಗೆ ಅಂಗಡಿಯ ಕೆಲಸ ಶುರುವಾಯಿತು. ಉಳಿದ ದಾರಿಗಳನ್ನೂ ನಡೆದು ನೋಡಿದ್ದೇನೆ. ಎರಡಕ್ಕೆ ದುಡ್ಡೂ ಕೊಟ್ಟಿದ್ದೇನೆ, ಅದರಲ್ಲಿ ಒಂದರ ಹೊಟ್ಟೆಉರಿ ಈ ಬರಹದಲ್ಲಿ ಸ್ವಲ್ಪ ಉಂಟು.

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮೇ ತಿಂಗಳೆಂದರೆ ತಲೆ ಎತ್ತಲು ಪುರುಸೊತ್ತಿಲ್ಲ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಪತ್ತನಾಜೆಗೆ (ತುಳುನಾಡಿನ ಉತ್ಸವಗಳು ಮುಗಿಯುವ ದಿನ) ಮೊದಲು ಮುಗಿಯಬೇಕಾದ ಹರಕೆಯ ಯಕ್ಷಗಾನ ಆಟಗಳ ಕರಪತ್ರ, ಎಲ್ಲ ಒಟ್ಟಿಗೆ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್ ಎಂಬ ಸಿಸ್ಟಮ್. ಗಿರಾಕಿಗಳ ಆಧಾರ್ ಪ್ರತಿಗಳು ಇರುತ್ತವೆ ಎಂದು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಸಿದ್ದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ತೆರೆಯದ ಹಾಗೆ ಬೀಗ ಹಾಕಿಸಿದ್ದೆ. ಆ ಜಾಗ್ರತೆಯೇ ಕೊನೆಗೆ ಕಾಲಿಗೆ ತೊಡರಿದ್ದು.

ಒಂದು ಸಂಜೆ ಅಪ್‌ಡೇಟ್ ಒತ್ತಿದೆ. ಎಂತದ್ದೋ ಎರರ್ ಬಂತು, ಓದದೆ ಮುಚ್ಚಿ ಮನೆಗೆ ಹೋದೆ. ರಾತ್ರಿ ಜೋರು ಗುಡುಗು ಸಿಡಿಲು. ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ತುಂಬ ಬಿಳಿ ಅಕ್ಷರ, ಕೊನೆಯಲ್ಲಿ ‘ಕರ್ನೆಲ್ ಪ್ಯಾನಿಕ್’. ರೂಟ್ ಫೈಲ್ ಸಿಸ್ಟಮ್ (ಸಿಸ್ಟಮ್ ಇರುವ ಡಿಸ್ಕಿನ ಭಾಗ) ಮೌಂಟ್ ಮಾಡಲು, ಅಂದರೆ ತೆರೆದು ಜೋಡಿಸಲು, ಆಗುತ್ತಿಲ್ಲ ಎಂಬ ದೂರು. ಪಕ್ಕದ ಜೆರಾಕ್ಸಿನವರು, ಎದುರಿನ ಹೋಟೆಲಿನವರು, ಎಲ್ಲರದ್ದೂ ಒಂದೇ ಮಾತು: ಸಿಡಿಲು ಹೊಡೆದಿದೆ ಮಾರಾಯ್ರೆ. ನಾನೂ ನಂಬಿದೆ.

ಸಿಪಿಯು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದೆ. ನೋಡಿದ್ದಕ್ಕೆ ಐನೂರು ರೂಪಾಯಿ. ತೀರ್ಪು: ಬೋರ್ಡು ಹೋಗಿರಬಹುದು, ಇಲ್ಲದಿದ್ದರೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುವ, ಎರಡು ದಿನ ಬಿಟ್ಟು ಬನ್ನಿ. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮಣಿಪಾಲದಲ್ಲಿ ಓದುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಡಿಸ್ಕಿನ ಪಾಸ್‌ವರ್ಡ್ ಕೇಳಿತಾ?" ಇಲ್ಲ. "ಹಾಗಾದರೆ ಬೋರ್ಡ್ ಸರಿ ಉಂಟು. ಇನಿಟ್‌ರಾಮ್‌ಎಫ್‌ಎಸ್ ಇಲ್ಲ ಅಷ್ಟೆ." ಕರ್ನೆಲ್ ಎದ್ದ ಕೂಡಲೇ ಅದರ ಕೈಗೆ ಒಂದು ಸಣ್ಣ ಬುತ್ತಿಗಂಟು ಸಿಗಬೇಕಂತೆ. ಡಿಸ್ಕ್ ತೆರೆಯುವ, ಪಾಸ್‌ವರ್ಡ್ ಕೇಳುವ ಸಾಮಾನೆಲ್ಲ ಅದರೊಳಗೆ. ಗಂಟಿಲ್ಲದ ಹೊಸ ಕರ್ನೆಲ್ ಬಾಗಿಲ ಹೊರಗೆ ನಿಂತು ಬೊಬ್ಬೆ ಹೊಡೆಯುತ್ತಿತ್ತು. ಬೋರ್ಡೇ ಸುಟ್ಟಿದ್ದರೆ ಬೊಬ್ಬೆ ಹೊಡೆಯುವವರು ಯಾರು?

ಲಿನಕ್ಸಿನ ಉಳಿದ ಪ್ಯಾಕೇಜುಗಳಲ್ಲಿ (ಸಾಫ್ಟ್‌ವೇರ್ ಕಟ್ಟುಗಳಲ್ಲಿ) ಹೊಸದು ಹಳೆಯದರ ಮೇಲೆ ಬಂದು ಕೂರುತ್ತದೆ. ಕರ್ನೆಲ್ ಹಾಗಲ್ಲ, ಹೊಸದು ಬಂದರೂ ಹಳೆಯದು ಪಕ್ಕದಲ್ಲೇ ಇರುತ್ತದೆ. ಕಂಪ್ಯೂಟರ್ ಏಳುವಾಗ ಯಾವ ಕರ್ನೆಲ್ ಬೇಕೆಂದು ಕೇಳುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ, ಹೊಸದಕ್ಕಿಂತ ಹಿಂದಿನ ನಂಬರಿನ ಕರ್ನೆಲನ್ನು ಆರಿಸಿ ಎಂಟರ್ ಒತ್ತುವುದು, ಅಷ್ಟೇ ಮದ್ದು. ಒಮ್ಮೆ ಬೂಟ್ (ಕಂಪ್ಯೂಟರ್ ಏಳುವುದು) ಕೆಟ್ಟರೆ ಮರುಸಲ ಈ ಮೆನು ತಾನಾಗಿ ಬಂದು 30 ಸೆಕೆಂಡ್ ಕಾಯುತ್ತದೆ. ನಾನು ಪ್ರತಿ ಸಲ ಗುಂಡಿ ಒತ್ತಿ ಇನ್ವರ್ಟರ್ ನೋಡಲು ಹೋಗುತ್ತಿದ್ದೆ, ತಿರುಗಿ ಬರುವಾಗ ಅದು ಕಾದು ಕಾದು ಪುನಃ ಅದೇ ಹೊಂಡಕ್ಕೆ ಬಿದ್ದಿರುತ್ತಿತ್ತು. ಈ ಸಲ ಕುರ್ಚಿಯಿಂದ ಏಳಲಿಲ್ಲ. ಪಾಸ್‌ವರ್ಡ್ ಕೇಳಿತು. ಕನ್ನಡದ ಕಗಪ ಕೀಲಿಮಣೆ, ಫಾಂಟುಗಳು, ಅರ್ಧ ಮಾಡಿಟ್ಟ ಬ್ರಹ್ಮಕಲಶದ ಆಮಂತ್ರಣ, ಎಲ್ಲ ಇದ್ದ ಹಾಗೇ ಉಂಟು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ, ಮಾರನೇ ದಿನ ಹೊಸ ಕರ್ನೆಲ್ ಸರಿಮಾಡಲು ಕೂತಾಗ ನಿಜವಾದ ಕಾಟ ಶುರು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೆ ‘ಬೂಟ್’ ಎಂಬ ಸಣ್ಣ ಭಾಗವೊಂದು ಬೀಗದ ಹೊರಗೆ ಬೇರೆಯಾಗಿ ಇರುತ್ತದೆ. ವರ್ಷಗಳ ಹಿಂದೆ ಹಾಕಿದ ನನ್ನ ಮಿಂಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು 700 ಎಂಬಿ ಆಸುಪಾಸು. ಒಂದೊಂದು ಕರ್ನೆಲಿನ ಬುತ್ತಿಗಂಟೇ ನೂರು ಎಂಬಿಯ ಹತ್ತಿರ. ನಾನು ಹಳೆಯದನ್ನು ಒಂದು ದಿನವೂ ತೆಗೆದವನಲ್ಲ. ಆರು ಕರ್ನೆಲ್ ಕೂತಲ್ಲಿ ಏಳನೆಯದಕ್ಕೆ ಗಂಟು ಕಟ್ಟಲು ಜಾಗವೇ ಇಲ್ಲ. ಸಂಜೆ ಓದದೆ ಮುಚ್ಚಿದ ಎರರ್ ಹೇಳಿದ್ದು ಅದನ್ನೇ.

ಸರಿ, ಹಳೆಯದನ್ನು ತೆಗೆಯುವ ಎಂದು ‘ಆಟೋರಿಮೂವ್’ ಎಂಬ ಕಮಾಂಡ್ ಹೊಡೆದೆ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಉಂಟು, ಮೊದಲು ‘ಫಿಕ್ಸ್ ಬ್ರೋಕನ್’ ಮಾಡಿ ಎಂದಿತು. ಅದನ್ನು ಮಾಡಿದೆ. ಜಾಗ ಇಲ್ಲ, ಮೊದಲು ಜಾಗ ಮಾಡಿ ಎಂದಿತು. ಜಾಗ ಮಾಡಲು ಹೋದರೆ ಮೊದಲು ಫಿಕ್ಸ್ ಮಾಡಿ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಒಂದೂವರೆ ಗಂಟೆ ಈ ಎರಡು ಬಾಗಿಲ ನಡುವೆ ಅಲೆದೆ. ಪ್ಯಾಕೇಜು ಹಾಕುವ ತೆಗೆಯುವ ಸಿನಾಪ್ಟಿಕ್‌ನಲ್ಲಿ ನೋಡಿದೆ, ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ನೋಡಿದೆ, ಎಲ್ಲ ಕಡೆ ಅದೇ ಉತ್ತರ. ಆ ಹೊತ್ತಿಗೇ ಗಿರಾಕಿಯೊಬ್ಬರು ಬಂದು ಕಾರ್ಡಿನಲ್ಲಿ ಅಜ್ಜಿಯ ಹೆಸರಿನ ಹಿಂದೆ ದಿವಂಗತ ಬೇಡ, ಅವರು ಇದ್ದಾರೆ ಎಂದರು.

ಕೊನೆಗೆ ಕೈಯಿಂದಲೇ ಅಳಿಸಿದ್ದು. ‘ಯುನೇಮ್ ಮೈನಸ್ ಆರ್’ ಹೊಡೆದು ಈಗ ಓಡುತ್ತಿರುವ ಕರ್ನೆಲಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡೆ. ಅದನ್ನು ಬಿಟ್ಟು, ಎಲ್ಲಕ್ಕಿಂತ ಹಳೇ ಎರಡು ಕರ್ನೆಲ್‌ಗಳ ಇನಿಟ್‌ಆರ್‌ಡಿ ಫೈಲುಗಳನ್ನು (ಅವೇ ಆ ಬುತ್ತಿಗಂಟುಗಳು) ಬೂಟ್ ಭಾಗದಿಂದ ಅಳಿಸಿದೆ. ಆಮೇಲೆ ಫಿಕ್ಸ್ ಬ್ರೋಕನ್ ಸಲೀಸಾಗಿ ಓಡಿ ಹೊಸದಕ್ಕೆ ಗಂಟು ಕಟ್ಟಿತು. ನಂತರ ಆಟೋರಿಮೂವ್ ಉಳಿದ ಕಸ ಗುಡಿಸಿತು. ಚೀಟಿ ಬರೆಯದೆ ಅಳಿಸಲು ಮಾತ್ರ ಹೋಗಬೇಡಿ. ಓಡುತ್ತಿರುವುದನ್ನೇ ಅಳಿಸಿದರೆ ಮುಂದಿನ ಸಲ ಹಿಂದೆ ಸರಿಯಲು ಜಾಗವಿಲ್ಲ.

ಪೆನ್‌ಡ್ರೈವ್ ದಾರಿ ಅಳಿಯನ ಪ್ರೀತಿಯದ್ದು. ನನ್ನ ಕಂಪ್ಯೂಟರ್ ಎದ್ದ ಮೇಲೂ ಬಿಡದೆ, ತನ್ನ ಗೆಳೆಯನ ಲ್ಯಾಪ್‌ಟಾಪಿಗೆ ಇದೇ ರೋಗ ಬಂದಾಗ ನನ್ನ ಅಂಗಡಿಯಲ್ಲೇ ಕೂತು ಮಾಡಿ ತೋರಿಸಿದ. ಪೆನ್‌ಡ್ರೈವಿನಿಂದ ಮಿಂಟ್ ಬೂಟ್ ಮಾಡಿ, ಪಾಸ್‌ವರ್ಡ್ ಕೊಟ್ಟು ಡಿಸ್ಕ್ ತೆರೆದು, ‘ಸಿಎಚ್‌ರೂಟ್’ ಎಂಬುದರಿಂದ ಕೆಟ್ಟ ಸಿಸ್ಟಮ್ಮಿನ ಒಳಗೇ ಹೊಕ್ಕು ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟುವುದು. ಎಲ್ಲ ಚಂದ ಓಡಿತು, ರೀಬೂಟ್ ಮಾಡಿದರೆ ಪುನಃ ಅದೇ ಪ್ಯಾನಿಕ್! ಬೂಟ್ ಭಾಗವನ್ನು ಬೇರೆಯಾಗಿ ಮೌಂಟ್ ಮಾಡಲು ಮರೆತಿದ್ದ, ಕಟ್ಟಿದ ಗಂಟೆಲ್ಲ ಖಾಲಿ ಫೋಲ್ಡರಿಗೆ ಹೋಗಿತ್ತು. ಎರಡನೇ ಸಲಕ್ಕೆ ಸರಿಯಾಯಿತು. ಮೆನುವಿನಲ್ಲಿ ಒಂದು ಹಳೇ ಕರ್ನೆಲ್ಲೂ ಇಲ್ಲದಿದ್ದರೆ ಈ ದಾರಿಯೇ ಗತಿ, ಒಪ್ಪುತ್ತೇನೆ. ಆದರೆ ಡಿಟಿಪಿ ಅಂಗಡಿಯಲ್ಲಿ ಬೂಟ್ ಪೆನ್‌ಡ್ರೈವ್ ಉಳಿಯುತ್ತದೆಯೇ? ಅವನು ಮಾಡಿಕೊಟ್ಟದ್ದನ್ನು ಎರಡೇ ವಾರದಲ್ಲಿ ನಮ್ಮ ಹುಡುಗಿ ಫಾರ್ಮ್ಯಾಟ್ ಮಾಡಿ, ಯಾರದ್ದೋ ಪಿಡಿಎಫ್ ತುಂಬಿ ಕಳಿಸಿದಳು.

ಟೈಮ್‌ಶಿಫ್ಟ್ ಮಿಂಟ್ ಜೊತೆಗೇ ಬರುತ್ತದೆ, 2022ರಿಂದ ಅದನ್ನು ನೋಡಿಕೊಳ್ಳುವವರೂ ಮಿಂಟ್ ತಂಡದವರೇ. ಸಿಸ್ಟಮ್ಮಿನ ಒಂದು ಪ್ರತಿ ತೆಗೆದಿಟ್ಟು, ಕೆಟ್ಟಾಗ ಅಲ್ಲಿಗೆ ಹಿಂದಿರುಗಿಸುವುದು ಅದರ ಕೆಲಸ. ಹೋಮ್ ಫೋಲ್ಡರನ್ನು ಸುಮ್ಮನೆ ಮುಟ್ಟುವುದಿಲ್ಲ, ಹಾಗಾಗಿ ಮಧ್ಯೆ ಮಾಡಿದ ಡಿಸೈನುಗಳು ಹೋಗುವ ಭಯವಿಲ್ಲ. ಆದರೆ ಅವುಗಳ ಪ್ರತಿಯನ್ನೂ ಅದು ತೆಗೆದಿಡುವುದಿಲ್ಲ, ಡಿಸೈನಿನ ಬ್ಯಾಕಪ್ ಬೇರೆ ಇಡಲೇಬೇಕು. ಸಿಸ್ಟಮ್ಮಿನ ಪ್ರತಿ ಇಡಲು ನೋಡಿದರೆ, ಮನೆಯಲ್ಲಿದ್ದ ಹಳೇ ಹಾರ್ಡ್‌ಡಿಸ್ಕ್ ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಫಾರ್ಮ್ಯಾಟಿನದ್ದು, ಟೈಮ್‌ಶಿಫ್ಟ್ ಒಪ್ಪಲಿಲ್ಲ. ಅದರ ತುಂಬ ಮದುವೆ ವೀಡಿಯೋ, ಅಳಿಸುವಂತಿಲ್ಲ. ಹೊಸದಕ್ಕೆ ಮೂರು ಸಾವಿರ ಚಿಲ್ಲರೆ ಹೋಯಿತು.

ಆ ಖರ್ಚು ದಂಡವಾಗಲಿಲ್ಲ ಎನ್ನಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿ, ಪಾಸ್‌ವರ್ಡಿನ ನಂತರ ಪರದೆ ಕಪ್ಪು. ಹಳೇ ಕರ್ನೆಲ್ ಹಾಕಿದರೂ ಕಪ್ಪೇ, ಏಕೆಂದರೆ ತಪ್ಪು ಕರ್ನೆಲಿನದ್ದಲ್ಲ. ಟರ್ಮಿನಲಿನಿಂದ (ಬರೀ ಅಕ್ಷರದ ಕಮಾಂಡ್ ಪರದೆ) ಟೈಮ್‌ಶಿಫ್ಟ್ ರಿಸ್ಟೋರ್ ಕೊಟ್ಟು ಊಟಕ್ಕೆ ಹೋದೆ, ಬರುವಾಗ ಹಿಂದಿನ ವಾರದ ಸಿಸ್ಟಮ್ ಎದ್ದು ಕೂತಿತ್ತು.

ಹಾಗಾದರೂ ನನ್ನ ಓಟು ಬದಲಾಗಿಲ್ಲ. ನಾನು ಕಮಾಂಡ್ ನೆನಪಿಡುವವನಲ್ಲ, ಗಿರಾಕಿ ಎದುರು ಕೂತಿರುವಾಗ ನನಗೆ ಬೇಕಾದ್ದು ಎರಡು ಬಾಣದ ಗುಂಡಿ, ಒಂದು ಎಂಟರ್. ನೀವು ವಾರಕ್ಕೊಂದು ಡ್ರೈವರ್ ಬದಲಿಸುವವರಾದರೆ, ಕೈಯಲ್ಲಿ ಮೂರು ಸಾವಿರ ಇದ್ದರೆ, ಟೈಮ್‌ಶಿಫ್ಟ್‌ನಿಂದಲೇ ಶುರುಮಾಡಿ.

ಈಗ ಅಪ್‌ಡೇಟ್ ಮ್ಯಾನೇಜರಿನ ಆದ್ಯತೆಗಳಲ್ಲಿ ಬೇಡವಾದ ಕರ್ನೆಲ್ ತಾನಾಗಿ ತೆಗೆಯುವ ಆಯ್ಕೆಗೆ ಟಿಕ್ ಹಾಕಿದ್ದೇನೆ. ಗ್ರಬ್ ಮೆನು ದಿನಾ ಐದು ಸೆಕೆಂಡ್ ಕಾಣುವ ಹಾಗೆ ಮಾಡಿದ್ದೇನೆ. ಆ ಚೀಟಿ ಇನ್ನೂ ಮಾನಿಟರಿನ ಅಂಚಿನಲ್ಲಿ ಅಂಟಿಕೊಂಡಿದೆ, ನಂಬರ್ ಹಳತಾಗಿದೆ.