ಅಮೆರಿಕದ ಪುಟ್ಟ ಸಮಾಜವಾದಿ ಪಕ್ಷಗಳು: ಸದಸ್ಯರಾಗುವ ಮುನ್ನ ಬೈಲಾ ಓದಿ

ಅಮೆರಿಕದಲ್ಲಿ ಎಡಪಂಥೀಯ ಸಂಘಟನೆ ಸೇರಬೇಕೆನ್ನುವವರು ಮೊದಲು ಓದುವುದು ಪ್ರಣಾಳಿಕೆ. ಅದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ. ನಾಯಕರನ್ನು ಆರಿಸುವುದು ಹೇಗೆ, ದೂರು ಕೇಳುವವರು ಯಾರು ಎಂಬುದು ಬೈಲಾದಲ್ಲಿರುತ್ತದೆ. ಸದಸ್ಯ ಉಳಿಯುವುದೂ ಬೇಸತ್ತು ಹೊರಡುವುದೂ ಅದರಿಂದಲೇ.

ಐಎಸ್‌ಒ ಎಂದೇ ಪರಿಚಿತವಾಗಿದ್ದ ಇಂಟರ್‌ನ್ಯಾಷನಲ್ ಸೋಷಿಯಲಿಸ್ಟ್ ಆರ್ಗನೈಸೇಷನ್ 1977ರಲ್ಲಿ ಹುಟ್ಟಿತು. ವಾರದ ಶಾಖಾ ಸಭೆ, ಅಧ್ಯಯನ ಗುಂಪು, ಪತ್ರಿಕೆ ಮಾರಾಟ, ವಂತಿಗೆ: ಹೊಸಬರಿಗೆ ಓದಿನ ರುಚಿ ಹತ್ತಿಸುವುದರಲ್ಲಿ ಅದು ನಿಜಕ್ಕೂ ಗಟ್ಟಿ. ಕೆಟ್ಟದ್ದು ಮೇಲ್ಮಟ್ಟದಲ್ಲಿ. ಹಾಲಿ ನಾಯಕತ್ವವೇ ಮುಂದಿನ ಸಮಿತಿಗೆ ಇಡೀ ಪ್ಯಾನೆಲ್ ಸೂಚಿಸುತ್ತಿತ್ತು. ಒಬ್ಬರು ಬೇಡವೆಂದರೂ ಪೂರ್ತಿ ಪರ್ಯಾಯ ಪಟ್ಟಿ ತರಬೇಕು. ಬೇರೆ ಊರಿನ ಶಾಖೆಗಳ ಪರಿಚಯವೇ ಇಲ್ಲದ ಸದಸ್ಯರು ಅದನ್ನು ಎಲ್ಲಿಂದ ತರಬೇಕು? ಹೀಗಾಗಿ ವರ್ಷಗಟ್ಟಲೆ ಅದದೇ ಮುಖಗಳು. 2013ರಲ್ಲಿ ಲೈಂಗಿಕ ದೌರ್ಜನ್ಯದ ದೂರೊಂದರಲ್ಲಿ ಶಿಸ್ತು ಸಮಿತಿ ನೀಡಿದ ತೀರ್ಮಾನದೊಳಗೆ ಈ ನಾಯಕತ್ವ ಕೈಹಾಕಿತು. ಸಂಗತಿ 2019ರ ಮಾರ್ಚ್‌ನಲ್ಲಿ ಬಯಲಾಯಿತು. ಅದೇ ತಿಂಗಳು ಸದಸ್ಯರು ಮತ ಹಾಕಿ ಸಂಘಟನೆಯನ್ನೇ ವಿಸರ್ಜಿಸಿದರು. ಆ ವರ್ಷದ ಫೆಬ್ರವರಿ ಅಧಿವೇಶನದಲ್ಲಿ ಹಳೆಯ ನಾಯಕತ್ವವನ್ನು ಇಳಿಸಿದ್ದೂ ಆಗಿತ್ತು, ಆದರೆ ಹೊತ್ತು ಮೀರಿತ್ತು. ದೂರು ಕೇಳುವವರ ತೀರ್ಪನ್ನು ನಾಯಕರು ಅಳಿಸಬಲ್ಲರಾದರೆ ಅಲ್ಲಿ ದೂರು ಸಮಿತಿ ಇದೆ ಎಂದು ನಂಬಬೇಡಿ.

1938ರ ಸೋಷಿಯಲಿಸ್ಟ್ ವರ್ಕರ್ಸ್ ಪಾರ್ಟಿಯದು ಬೇರೆ ರೋಗ. ಜ್ಯಾಕ್ ಬಾರ್ನ್ಸ್ 1972ರಲ್ಲಿ ರಾಷ್ಟ್ರೀಯ ಕಾರ್ಯದರ್ಶಿಯಾಗಿ ದಶಕಗಟ್ಟಲೆ ಅಲ್ಲೇ ಉಳಿದರು. 1978ರಲ್ಲಿ ಬಹುಪಾಲು ಸದಸ್ಯರು ಕಾರ್ಖಾನೆ, ಗಣಿ, ರೈಲ್ವೆ ಕೆಲಸಕ್ಕೆ ಸೇರಬೇಕೆಂದು ಪಕ್ಷ ತೀರ್ಮಾನಿಸಿತು. ಕೆಲವೇ ವರ್ಷಗಳಲ್ಲಿ ಉಕ್ಕಿನ ಕಾರ್ಖಾನೆಗಳೇ ಬಾಗಿಲು ಹಾಕತೊಡಗಿದವು. ಲೆಕ್ಕ ತಪ್ಪಿದ್ದನ್ನು ಒಪ್ಪಿ ತಿದ್ದಿಕೊಳ್ಳುವ ದಾರಿ ಒಳಗಿರಲಿಲ್ಲ. 1983-84ರಲ್ಲಿ ಭಿನ್ನಮತೀಯರ ಉಚ್ಚಾಟನೆ ನಡೆಯಿತು.

ಚಿಕ್ಕ ಪಕ್ಷದಿಂದ ಏನೂ ಆಗದು ಎಂದಲ್ಲ. ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ 2013ರಲ್ಲಿ ಸೋಷಿಯಲಿಸ್ಟ್ ಆಲ್ಟರ್ನೇಟಿವ್‌ನಿಂದ ಸಿಯಾಟಲ್ ನಗರಸಭೆಗೆ ಗೆದ್ದರು, ವರ್ಷಕ್ಕೆ 40 ಸಾವಿರ ಡಾಲರ್ ಮಾತ್ರ ಇಟ್ಟುಕೊಂಡು ಉಳಿದ ಸಂಬಳವನ್ನು ಹೋರಾಟದ ನಿಧಿಗೆ ಕೊಟ್ಟರು. 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಮೊದಲ ಅಮೆರಿಕನ್ ನಗರ ಸಿಯಾಟಲ್. ಮಸೂದೆ ತಂದವರು ಅವರೇ.

ಡಿಎಸ್‌ಎ, ಅಂದರೆ ಡೆಮಾಕ್ರಟಿಕ್ ಸೋಷಿಯಲಿಸ್ಟ್ಸ್ ಆಫ್ ಅಮೆರಿಕ, ಚಿಕ್ಕದೂ ಅಲ್ಲ, ಪಕ್ಷವೂ ಅಲ್ಲ, ಆದರೆ ಹೋಲಿಕೆಗೆ ಬೇಕು. ಇಲ್ಲಿ ಬಣಗಳು ಬಹಿರಂಗ, ರಾಷ್ಟ್ರೀಯ ಸಮಿತಿಯನ್ನು ಅಧಿವೇಶನದ ಪ್ರತಿನಿಧಿಗಳು ನೇರ ಆರಿಸುತ್ತಾರೆ, ಶಾಖೆಗಳಲ್ಲಿ ದೂರು ಅಧಿಕಾರಿಗಳಿರಬೇಕೆಂದು 2017ರಲ್ಲೇ ನಿರ್ಣಯವಾಗಿದೆ. ಕೊರತೆ ಹಣದ್ದು. 2021ರಲ್ಲಿ ಸದಸ್ಯರು 90 ಸಾವಿರ ದಾಟಿದ್ದರು. ಆಮೇಲೆ ಅನೇಕರು ನವೀಕರಿಸಲಿಲ್ಲ, ಸಿಬ್ಬಂದಿಯ ಸಂಬಳದ ಹೊರೆ ಮಾತ್ರ ಉಳಿಯಿತು, 2024ರಲ್ಲಿ ಕೆಲಸದಿಂದ ತೆಗೆಯುವವರೆಗೂ ಹೋಯಿತು. ವಾರ್ಷಿಕ ಚಂದಾ ಮರೆತುಹೋಗುತ್ತದೆ, ತಿಂಗಳ ಚಂದಾ ಕಟ್ಟುವುದೇ ಮೇಲು. ಸೇರುವುದಾದರೆ ನಾನು ಮೊದಲು ಸೂಚಿಸುವುದು ಡಿಎಸ್‌ಎಯನ್ನೇ.

ಅರ್ಜಿ ತುಂಬುವ ಮುನ್ನ ಎರಡು ಮೂರು ಸಭೆಗೆ ಹೋಗಿ ಬನ್ನಿ. ಕಳೆದ ಅಧಿವೇಶನದಲ್ಲಿ ನಾಯಕತ್ವ ಸೋತ ಒಂದಾದರೂ ಮತದಾನ ಇದೆಯೇ ಎಂದು ಕೇಳಿ. ಖರ್ಚುವೆಚ್ಚದ ಲೆಕ್ಕ ಸದಸ್ಯರಿಗೆ ಕೊಡುತ್ತಾರೆಯೇ, ಬಿಟ್ಟುಹೋದವರು ಈಗಲೂ ಸಭೆಗೆ ಬರಬಹುದೇ ಎಂದೂ ಕೇಳಿ.

ವೀಸಾದ ಮೇಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಗ್ರೀನ್ ಕಾರ್ಡ್‌ನ ಐ-485, ಪೌರತ್ವದ ಎನ್-400 ಎರಡು ಅರ್ಜಿಗಳಲ್ಲೂ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವದ ಪ್ರಶ್ನೆಯಿದೆ. ಪೌರತ್ವಕ್ಕೆ ಹಿಂದಿನ 10 ವರ್ಷ ನೋಡುತ್ತಾರೆ. ಗ್ರೀನ್ ಕಾರ್ಡ್ ಇಲ್ಲದವರು ಚುನಾವಣಾ ದೇಣಿಗೆ ಕೊಡುವುದು ಕಾನೂನುಬಾಹಿರ. ಪಕ್ಷದ ಬೈಲಾವನ್ನು ವಲಸೆ ವಕೀಲರಿಗೆ ತೋರಿಸಿದ ಮೇಲೆಯೇ ಸಹಿ ಹಾಕಿ.