ಮುಂಬದಿಯ ಯುಎಸ್‌ಬಿಗೆ ಮೂರು ದಾರಿ: ನನ್ನ ಓಟು ಹಿಂದಿನಿಂದ ಸುತ್ತಿ ಬಂದ ಕೇಬಲ್ಲಿಗೆ

ಹಳೆಯ ಎಚ್81 ಮದರ್‌ಬೋರ್ಡನ್ನು ಹೊಸ ಸಣ್ಣ ಕ್ಯಾಬಿನೆಟ್ಟಿನಲ್ಲಿ ಕೂರಿಸಿ, ಅದರ ಮುಂಬದಿಯ ಎರಡು ಯುಎಸ್‌ಬಿ 3.0 ಪೋರ್ಟುಗಳಿಗೆ ಜೀವ ತರಲು ನಾನು ಒಂದಾದ ಮೇಲೊಂದರಂತೆ ಮೂರು ಬಗೆಯ ಸಾಮಾನು ಕೊಂಡೆ. ಇಂದಿಗೂ ಕೆಲಸ ಮಾಡುತ್ತಿರುವುದು ಅವುಗಳಲ್ಲಿ ನೋಡಲು ಅತ್ಯಂತ ಒರಟಾದದ್ದು: ಬೋರ್ಡಿನ ಹಿಂಬದಿಯ ಪೋರ್ಟುಗಳಿಗೆ ಸಿಕ್ಕಿಸಿ, ಖಾಲಿ ಸ್ಲಾಟಿನ ಸಂದಿಯಿಂದ ಕ್ಯಾಬಿನೆಟ್ಟಿನೊಳಕ್ಕೆ ತಂದು, ಮುಂಬದಿಯ ಪ್ಲಗ್ಗಿಗೆ ಕೂಡಿಸುವ 340 ರೂಪಾಯಿಯ ಕೇಬಲ್. ಉಳಿದ ಎರಡಕ್ಕೆ ಹಾಕಿದ ಹಣವನ್ನು ಮೊದಲೇ ಇದಕ್ಕೆ ಹಾಕಿದ್ದರೆ ಮೂರು ಭಾನುವಾರಗಳು ಉಳಿಯುತ್ತಿದ್ದವು.

ತೊಂದರೆಯ ಬೇರು ಚಿಪ್‌ಸೆಟ್ಟಿನಲ್ಲಿ, ಎಂದರೆ ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್ಪಿನಲ್ಲಿದೆ. 2013ರಲ್ಲಿ ಬಂದ ಇಂಟೆಲ್ ಎಚ್81 ತನ್ನದೇ ಬಲದಲ್ಲಿ ಕೊಡಬಲ್ಲದ್ದು ಎರಡೇ ಎರಡು ಯುಎಸ್‌ಬಿ 3.0 ಪೋರ್ಟು. ಅಗ್ಗದ ಬೋರ್ಡುಗಳನ್ನು ಮಾಡಿದವರು ಸಾಮಾನ್ಯವಾಗಿ ಆ ಎರಡನ್ನೂ ಹಿಂಬದಿಗೇ ಇಟ್ಟು, ಒಳಗೆ ಮುಂಬದಿಗೆಂದು 9 ಪಿನ್ನಿನ, ವೇಗ ಕಡಿಮೆಯ ಯುಎಸ್‌ಬಿ 2.0 ಹೆಡರುಗಳನ್ನಷ್ಟೇ (ವೈರು ಸಿಕ್ಕಿಸುವ ಪಿನ್ನುಗಳ ಗುಂಪು) ಬಿಟ್ಟರು. ಈಗಿನ ಕ್ಯಾಬಿನೆಟ್ಟಿನಿಂದ ಹೊರಡುವುದು 19 ಪಿನ್ನಿನ ದಪ್ಪ ನೀಲಿ ಪ್ಲಗ್. ಅದಕ್ಕೆ ಕೂರಲು ಬೋರ್ಡಿನಲ್ಲಿ ಜಾಗವೇ ಇಲ್ಲದೆ, ಕ್ಯಾಬಿನೆಟ್ಟಿನೊಳಗೆ ಗೊನೆಯಿಲ್ಲದ ಬಾಳೆದಿಂಡಿನಂತೆ ನೇತಾಡುತ್ತಿರುತ್ತದೆ. ಇದರಲ್ಲಿ ಕ್ಯಾಬಿನೆಟ್ಟಿನ ತಪ್ಪೂ ಇಲ್ಲ, ಬೋರ್ಡಿನ ತಪ್ಪೂ ಇಲ್ಲ. ಎರಡನ್ನೂ ಬೇರೆ ಬೇರೆ ಕಡೆಯಿಂದ ತಂದು ಗಂಟು ಹಾಕಿದ ನನ್ನದೇ ತಪ್ಪು.

ದಾವಣಗೆರೆಯ ಹದಡಿ ರಸ್ತೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಇಂಥ ಅಂಗಡಿಯಲ್ಲಿ ಮುಂಬದಿಯ ಪೋರ್ಟು ಸತ್ತರೆ ವ್ಯಾಪಾರವೇ ಕುಂಟುತ್ತದೆ, ಏಕೆಂದರೆ ಪ್ರಾಜೆಕ್ಟ್ ವರದಿ ತರುವ ವಿದ್ಯಾರ್ಥಿ, ಲಗ್ನಪತ್ರಿಕೆಯ ಫೋಟೊ ತರುವ ಗೃಹಸ್ಥ, ಎಲ್ಲರೂ ಪೆನ್‌ಡ್ರೈವನ್ನು ಮುಂದಿನಿಂದಲೇ ಚಾಚುತ್ತಾರೆ. ಹಿಂಬದಿಯ ಪೋರ್ಟುಗಳು ಗೋಡೆಗೆ ಒತ್ತಿಕೊಂಡಿರುತ್ತವೆ. ಪ್ರತಿ ಸಲವೂ ಟೇಬಲ್ ಎಳೆಯಲಾಗದು.

ಮೊದಲು ಕೊಂಡದ್ದು 19 ಪಿನ್ನಿನಿಂದ 9 ಪಿನ್ನಿಗೆ ಇಳಿಸುವ ಕನ್ವರ್ಟರ್. ಬೆಲೆ 180 ರೂಪಾಯಿ. ಇದರ ವಿಷಯದಲ್ಲಿ ನಾನು ಅನುಭವಿಸಿದ ಒಂದು ಕಿರಿಕಿರಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೆಸರು ನೋಡಿ ಕೊಂಡವರು ಬೀಳುವ ಗುಂಡಿ ಇದೇ. ಈ ಕನ್ವರ್ಟರುಗಳಲ್ಲಿ ಎರಡು ಜಾತಿ ಇವೆ. ಹೊಸ ಕ್ಯಾಬಿನೆಟ್ಟಿನ ದಪ್ಪ ಪ್ಲಗ್ಗನ್ನು ಹಳೆಯ ಬೋರ್ಡಿನ 9 ಪಿನ್ನಿಗೆ ಕೂಡಿಸುವುದು ಒಂದು. ಹಳೆಯ ಕ್ಯಾಬಿನೆಟ್ಟಿನ 9 ತೂತಿನ ಸಣ್ಣ ಪ್ಲಗ್ಗನ್ನು ಹೊಸ ಬೋರ್ಡಿನ 19 ಪಿನ್ನಿಗೆ ಕೂಡಿಸುವುದು ಇನ್ನೊಂದು. ಎರಡರ ಅಳತೆಯೂ ಹತ್ತಿರಹತ್ತಿರ, ಬಣ್ಣವೂ ಒಂದೇ, ಪೊಟ್ಟಣದ ಮೇಲಿನ ಹೆಸರಿನಲ್ಲಿ 19, 9 ಎಂಬ ಅಂಕಿಗಳು ಹಿಂದುಮುಂದಾಗಿರುವುದಷ್ಟೇ ವ್ಯತ್ಯಾಸ. ಕೆಲವು ಪೊಟ್ಟಣಗಳಲ್ಲಿ ಅದೂ ಇರುವುದಿಲ್ಲ. ಕೆಲವರು 19 ಪಿನ್ ಎಂದರೆ ಕೆಲವರು 20 ಪಿನ್ ಎನ್ನುತ್ತಾರೆ. ಎರಡೂ ಒಂದೇ, ಇಪ್ಪತ್ತರಲ್ಲಿ ಒಂದು ಪಿನ್ನಿನ ಜಾಗವನ್ನು ತಿರುಗಾಮುರುಗಾ ಹಾಕದಂತೆ ಖಾಲಿ ಬಿಟ್ಟಿರುತ್ತಾರೆ.

ನನಗೆ ಕೊಟ್ಟದ್ದು ಎರಡನೆಯ ಜಾತಿ. ಸಂಜೆ ಅಕ್ಕನ ಮಗ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಬೋರ್ಡ್ ಮುಟ್ಟಬೇಡವೆಂದು ಅವನನ್ನು ದೂರವೇ ನಿಲ್ಲಿಸಿದ್ದೆ. ಕ್ಯಾಬಿನೆಟ್ಟಿನ ಪ್ಲಗ್ಗನ್ನು ಎಷ್ಟು ಒತ್ತಿದರೂ ಕೂರದಿದ್ದಾಗ, ಬಗ್ಗಿ ನೋಡಿದವನೇ "ಮಾವ, ಇದ್ರಾಗೂ ತೂತೈತಿ, ಅದ್ರಾಗೂ ತೂತೈತಿ, ಹೆಂಗ್ ಕೂಡ್ತತಿ?" ಎಂದ. ಇನ್ನೊಂದು ತುದಿ ನೋಡಿದರೆ ಅಲ್ಲಿ ಪಿನ್ನಿಗೆ ಎದುರಾಗಿ ಪಿನ್ನು. ಮರುದಿನ ಬದಲಾಯಿಸಿಕೊಳ್ಳಲು ಹೋದರೆ ಪೊಟ್ಟಣ ಹರಿದಿದೆ ಎಂಬ ಉತ್ತರ ಬಂತು. ಅಂದಿನಿಂದ ನಾನು ಹೆಸರನ್ನು ಓದುವುದನ್ನೇ ಬಿಟ್ಟಿದ್ದೇನೆ. ಕ್ಯಾಬಿನೆಟ್ಟಿನ ಪ್ಲಗ್ಗಿನಲ್ಲಿ ತೂತುಗಳಿರುವುದರಿಂದ ಕನ್ವರ್ಟರಿನ ದೊಡ್ಡ ತುದಿಯಲ್ಲಿ ಕಣ್ಣಿಗೆ ಕಾಣುವ ಪಿನ್ನುಗಳಿರಬೇಕು. ಬೋರ್ಡಿನಲ್ಲಿ ಪಿನ್ನುಗಳಿರುವುದರಿಂದ ಸಣ್ಣ ತುದಿಯಲ್ಲಿ ತೂತುಗಳಿರಬೇಕು. ಅಂಗಡಿಯಲ್ಲಿ ನಿಂತೇ ಇದನ್ನು ನೋಡಿಕೊಳ್ಳುವುದು, ಮೇಲ್ ಫೀಮೇಲ್ ಎಂಬ ಮಾತಿನ ಗೋಜಿಗೇ ಹೋಗದಿರುವುದು.

ಎರಡನೆಯ ಸಲ ಸರಿಯಾದ ಜಾತಿಯದೇ ಸಿಕ್ಕಿತು, ಆದರೆ ಅದು ವೈರಿಲ್ಲದ ಗಟ್ಟಿ ಬಿಲ್ಲೆ. ಬೋರ್ಡಿನ ಮೇಲೆ ಅದು ನಿಂತು, ಅದರ ಮೇಲೆ ದಪ್ಪ ಪ್ಲಗ್ ನಿಂತು, ಪ್ಲಗ್ಗಿನಿಂದ ಹೊರಟ ಬಗ್ಗದ ಕೇಬಲ್ ಹಾರ್ಡ್ ಡಿಸ್ಕಿನ ಗೂಡಿಗೆ ಒತ್ತಿಕೊಂಡಿತು. ಸಣ್ಣ ಕ್ಯಾಬಿನೆಟ್ಟಿನಲ್ಲಿ ಇಷ್ಟು ಎತ್ತರ ದುಬಾರಿ. ಕೇಬಲನ್ನು ಬೇರೆ ಕಡೆಯಿಂದ ತರೋಣವೆಂದು ಪ್ಲಗ್ ಎಳೆದಾಗ, ಪ್ಲಗ್ಗಿನ ಜೊತೆಗೆ ಪಿನ್ನುಗಳ ಸುತ್ತಲಿನ ಪ್ಲಾಸ್ಟಿಕ್ ಗೋಡೆಯೂ ಕಿತ್ತು ಬಂದು ಮೂರು ಪಿನ್ನುಗಳು ಮಲಗಿದವು. ಬೋರ್ಡಿನ ಮೇಲೆಯೇ ಹೀಗಾಗಿದ್ದರೆ ಎಂದು ಎದೆ ಧಸಕ್ಕೆಂದಿತು. ಸೀಸ ತೆಗೆದ ಲೆಡ್ ಪೆನ್ಸಿಲ್ಲಿನ ತುದಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಎರಡು ನಿಂತವು, ಮೂರನೆಯದು ಮುರಿಯಿತು. ಪುಣ್ಯಕ್ಕೆ ಅದು 3.0 ವೇಗದ ಸಾಲಿನ ಪಿನ್ನು. ಈ ಕನ್ವರ್ಟರಿನಲ್ಲಿ ಆ ಸಾಲುಗಳಿಗೆ ಹೇಗೂ ಕೆಲಸವಿಲ್ಲ.

ಏಕೆಂದರೆ 9 ಪಿನ್ನಿನ ಹೆಡರಿಗೆ ಇಳಿದ ಮೇಲೆ ಪೋರ್ಟು ಒಳಗೆ 3.0ರ ಗುರುತಾದ ನೀಲಿಯಿದ್ದರೂ ವೇಗ ಯುಎಸ್‌ಬಿ 2.0ದ್ದೇ. ಕಾಗದದ ಮೇಲೆ ಅದು ಸೆಕೆಂಡಿಗೆ 480 ಮೆಗಾಬಿಟ್ (ಎಂಟು ಬಿಟ್ಟಿಗೆ ಒಂದು ಬೈಟ್). ನಕಲಿಗೆ ಕೂತಾಗ ನನಗೆ ಸಿಕ್ಕಿದ್ದು ಸುಮಾರು 34 ಮೆಗಾಬೈಟ್. ವಿದ್ಯಾರ್ಥಿಯ ವರದಿಗೆ ಇದು ಧಾರಾಳವಾಯಿತು. ಆದರೆ ಹರಿಹರದಲ್ಲಿ ಫೋಟೊಗ್ರಾಫರ್ ಆಗಿರುವ ನನ್ನ ಭಾಮೈದ ಮದುವೆಯ ಮರುದಿನ ಕಾರ್ಡ್ ರೀಡರ್ ಹಿಡಿದು ಬರುತ್ತಾನೆ. ಅವನ 18 ಜಿಬಿಯ ಒಂದು ಫೋಲ್ಡರ್ ಇಳಿಯಲು ಹತ್ತಿರಹತ್ತಿರ 9 ನಿಮಿಷ ಹಿಡಿಯಿತು. ಅದೇ ಫೋಲ್ಡರ್, ಅದೇ ರೀಡರ್, ಉಳಿದ ಎರಡು ವಿಧಾನಗಳಲ್ಲಿ ಮೂರೂವರೆ ನಿಮಿಷದಲ್ಲಿ ಮುಗಿಯಿತು. ವಿದ್ಯುತ್ತಿನ ಲೆಕ್ಕವೂ ಇದೆ: 2.0ರ ನಿಯಮದಂತೆ ಒಂದು ಪೋರ್ಟಿಗೆ 500 ಮಿಲಿಆಂಪಿಯರ್, 3.0ದಲ್ಲಿ 900. ಅವನ ಪೋರ್ಟಬಲ್ ಹಾರ್ಡ್ ಡಿಸ್ಕ್ ಕನ್ವರ್ಟರಿನ ಮೇಲೆ ಒಮ್ಮೆ ಎದ್ದರೆ ಒಮ್ಮೆ ಟಿಕ್ ಟಿಕ್ ಎಂದು ಮಲಗುತ್ತಿತ್ತು.

ಆಗ ತಂದದ್ದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು, ಎಂದರೆ ಬೋರ್ಡಿನ ಸ್ಲಾಟಿನಲ್ಲಿ ಸಿಕ್ಕಿಸುವಂಥದ್ದು, 19 ಪಿನ್ನಿನ ಹೆಡರ್ ಇರುವಂಥದ್ದು, 850 ರೂಪಾಯಿ. ಮೂರರಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಇದೇ ಎಂದು ಒಪ್ಪಿಕೊಳ್ಳುತ್ತೇನೆ. ಹೊರಗೆ ವೈರಿಲ್ಲ, ಹಿಂಬದಿಯ ಪೋರ್ಟೂ ಖರ್ಚಾಗುವುದಿಲ್ಲ. ನನ್ನ ಬೋರ್ಡಿನ ಒಂದೇ ಒಂದು ಚಿಕ್ಕ ಸ್ಲಾಟಿನಲ್ಲಿ ವೈಫೈ ಕಾರ್ಡ್ ಕೂತಿತ್ತು, ಆದರೆ ಚಿಕ್ಕ ಕಾರ್ಡನ್ನು ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟಿನಲ್ಲೂ ಹಾಕಬಹುದು. ನನ್ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲವಾದ್ದರಿಂದ ಅದು ಅಲ್ಲಿ ನೆಮ್ಮದಿಯಾಗಿ ಕೂತಿತು. ವಿಂಡೋಸ್ 10 ಡ್ರೈವರ್ ಕೇಳಲಿಲ್ಲ. ವೇಗಕ್ಕೂ ಕೊರತೆಯಿಲ್ಲ.

ಆದರೂ ಅದನ್ನು ಬಿಡಿಸಿದ್ದಕ್ಕೆ ಎರಡು ಕಾರಣ. ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೆಟ್ಟಿಗೆ) ಪ್ರತ್ಯೇಕ ಸಾಟಾ ಪವರ್, ಎಂದರೆ ಡಿಸ್ಕುಗಳಿಗೆ ಕರೆಂಟು ಕೊಡುವ ಬಗೆಯ ವೈರು, ಬೇಕು. ನನ್ನ ಅಗ್ಗದ ಎಸ್‌ಎಂಪಿಎಸ್‌ನಲ್ಲಿದ್ದ ಎರಡನ್ನೂ ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಹಿಡಿದಿದ್ದವು. ಕವಲು ಒಡೆಸುವ ಅಗ್ಗದ ವೈರುಗಳ ಮೇಲೆ, ಅದರಲ್ಲೂ ಪ್ಲಾಸ್ಟಿಕ್ ಎರಕದ ತುದಿಯವುಗಳ ಮೇಲೆ, ನನಗೆ ನಂಬಿಕೆಯಿಲ್ಲ. ಎರಡನೆಯ ಕಾರಣ ನನ್ನ ಅಭ್ಯಾಸಕ್ಕೆ ಸಂಬಂಧಿಸಿದ್ದು: ವಿಂಡೋಸ್ ಏಳುವ ತನಕ ಆ ಕಾರ್ಡಿನ ಪೋರ್ಟುಗಳನ್ನು ಈ ಹಳೆಯ ಬೋರ್ಡಿನ ಬಯಾಸ್ (ಕಂಪ್ಯೂಟರ್ ಹಚ್ಚಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡಿನದೇ ಪ್ರೋಗ್ರಾಮ್) ಗುರುತಿಸುವುದೇ ಇಲ್ಲ. ನಾನು ತಿಂಗಳಿಗೊಮ್ಮೆಯಾದರೂ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಸ್ಕಿನ ಪೂರ್ಣ ನಕಲು ತೆಗೆಯುವವನು. ಮುಂದೆ ಸಿಕ್ಕಿಸಿದ ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಕಾಣದೆ, ಮತ್ತೆ ಟೇಬಲ್ ಎಳೆದು ಗೋಡೆಯ ಕಡೆ ತೆವಳುವುದಾದರೆ 850 ರೂಪಾಯಿ ಕೊಟ್ಟದ್ದು ಯಾವ ಸುಖಕ್ಕೆ?

ಇನ್ನು ನನ್ನ ಮೆಚ್ಚಿನ ಕೇಬಲ್. ಒಂದು ತುದಿಯಲ್ಲಿ ಪಿನ್ನುಗಳಿರುವ 19ರ ಹೆಡರ್, ಇನ್ನೊಂದು ತುದಿಯಲ್ಲಿ ಎರಡು ಸಾಮಾನ್ಯ ಯುಎಸ್‌ಬಿ ಪ್ಲಗ್ಗು, ನಡುವೆ ಅರ್ಧ ಮೀಟರ್ ವೈರು. ಇದರಲ್ಲೂ ತಿರುವುಮುರುವಾದ ಜಾತಿ ಇದೆ, ಆದರೆ ಈ ಹೊತ್ತಿಗೆ ನಾನು ಪಿನ್ನು ತೂತುಗಳನ್ನು ಎಣಿಸಿಯೇ ಕೊಳ್ಳುವವನಾಗಿದ್ದೆ. ಗೋಡೆಗೆ ಮುಖಮಾಡಿ ದೂಳು ತಿನ್ನುತ್ತಿದ್ದ ಎರಡು ನೀಲಿ ಪೋರ್ಟುಗಳನ್ನೇ ಇದು ಮುಂದಕ್ಕೆ ಕರೆತರುತ್ತದೆ. ಪೋರ್ಟುಗಳು ಬೋರ್ಡಿನದೇ ಆದ್ದರಿಂದ ವೇಗ ಪೂರ್ತಿ, ಪವರ್ ಪೂರ್ತಿ, ಬಯಾಸ್‌ನಲ್ಲೂ ಪೆನ್‌ಡ್ರೈವ್ ಕಾಣುತ್ತದೆ. ಕೀಬೋರ್ಡ್, ಮೌಸ್, ಎರಡು ಪ್ರಿಂಟರುಗಳಿಗೆ ಹಿಂದೆ ನಾಲ್ಕು 2.0 ಪೋರ್ಟುಗಳು ಹೇಗೂ ಇವೆ.

ಜೋಡಿಸುವಾಗ ಕೈಕೆಲಸ ಸ್ವಲ್ಪ ಬೇಕು. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಸ್ಲಾಟಿನ ಮುಚ್ಚಳ ಸ್ಕ್ರೂನದಲ್ಲ, ತಿರುಚಿ ಮುರಿದು ತೆಗೆಯುವ ತಗಡು. ಒಮ್ಮೆ ಹೋದರೆ ಹೋಯಿತು. ಅದರ ಅಂಚು ಬ್ಲೇಡಿನಷ್ಟು ಹರಿತವಾಗಿರುವುದರಿಂದ, ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸೀಳಿ ಅಂಚಿಗೆ ತೊಡಿಸಿ ಅದರ ಮೇಲಿಂದ ವೈರನ್ನು ಒಳಕ್ಕೆ ಬಿಟ್ಟೆ. ಉಳಿದ ಸಂದಿಗೂ ಅದೇ ರಬ್ಬರು ತುರುಕಿದ್ದರಿಂದ ಜಿರಳೆಗೆ ದಾರಿಯಿಲ್ಲ. ಒಳಗೆ ಎರಡು ಪ್ಲಗ್ಗುಗಳು ಕೂಡುವ ಗಂಟು ಗಾಳಿಯಲ್ಲಿ ತೂಗುತ್ತದೆ, ಅದನ್ನು ಡಿಸ್ಕಿನ ಗೂಡಿಗೆ ಟ್ಯಾಗಿನಿಂದ ಬಿಗಿಯದಿದ್ದರೆ ಒಂದು ದಿನ ಫ್ಯಾನಿನ ಮೇಲೆ ಬೀಳುವುದು ಖಂಡಿತ. ಒಂದರ ಮೇಲೊಂದಿರುವ ಹಿಂಬದಿಯ ಪೋರ್ಟುಗಳಲ್ಲಿ ಈ ಕೇಬಲ್ಲಿನ ದಪ್ಪ ಪ್ಲಗ್ಗುಗಳು ಪರಸ್ಪರ ತಳ್ಳಾಡುತ್ತವೆ. ಕಂಪ್ಯೂಟರನ್ನು ಸರಿಸಿದಾಗ ಮೇಲಿನದು ಎರಡು ಸಲ ಸಡಿಲವಾಗಿತ್ತು. ಕೇಬಲ್ಲಿನ ಉದ್ದ, ನಡುವಿನ ಗಂಟು, ಇವುಗಳ ಮೇಲೆ ಗಿರಾಕಿ ತಾನೇ ತಂದ ಉದ್ದದ ಎಕ್ಸ್‌ಟೆನ್ಷನ್ ಸೇರಿದರೆ ಡಿಸ್ಕ್ ನಡುವೆಯೇ ಕಡಿದುಹೋಗುವುದೂ ಉಂಟು.

ಮುಂಬದಿಯಲ್ಲಿ ನಿಜವಾದ 3.0 ಬಂದ ಮೇಲೆ ಇನ್ನೊಂದು ಚೋದ್ಯ ನಡೆಯಿತು. ಪಕ್ಕದ ಪೋರ್ಟಿನಲ್ಲಿ ವೈರ್‌ಲೆಸ್ ಮೌಸಿನ ಸಂಕೇತ ಹಿಡಿಯುವ ಚಿಕ್ಕ ಡಾಂಗಲ್ ಹಾಕಿದ್ದೆ. ಭಾಮೈದನ ಡಿಸ್ಕ್ ನಕಲಾಗುತ್ತಿರುವಾಗಲೆಲ್ಲ ಬಾಣ ಕುಂಟುತ್ತಿತ್ತು. ಮೌಸಿನ ಸೆಲ್ ಬದಲಾಯಿಸಿದೆ, ಪ್ಯಾಡ್ ಬದಲಾಯಿಸಿದೆ, ಕಾರಣ ಬೇರೆಯೇ ಇತ್ತು. ಯುಎಸ್‌ಬಿ 3.0ರ ಸಂಕೇತಗಳು ಇಂಥ ಮೌಸುಗಳು ಬಳಸುವ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಡಾಂಗಲನ್ನು ಹಿಂಬದಿಯ 2.0 ಪೋರ್ಟಿಗೆ ಕಳಿಸಿದ ಮೇಲೆ ಮೌಸ್ ನೆಟ್ಟಗಾಯಿತು. ಕನ್ವರ್ಟರ್ ಹಾಕಿದ್ದಾಗ ಈ ಕಾಟವಿರಲಿಲ್ಲ. ಅದರ ಪರವಾಗಿ ಇಷ್ಟು ಹೇಳಲೇಬೇಕು.

ಕ್ಯಾಬಿನೆಟ್ಟಿನ ಮುಂಬದಿಯಿಂದ ಬರುವ ಉಳಿದ ವೈರುಗಳಲ್ಲಿ ಆಡಿಯೊದ್ದು ಯಾವ ತಕರಾರೂ ಇಲ್ಲದೆ ಕೂತಿತು. ಅದೂ 9 ಪಿನ್ನಿನದೇ, ಆದರೆ ಖಾಲಿ ಜಾಗ ಯುಎಸ್‌ಬಿ ಹೆಡರಿನಲ್ಲಿ ಮೂಲೆಯಲ್ಲಿದ್ದರೆ ಇದರಲ್ಲಿ ಮೂಲೆ ಬಿಟ್ಟು ಒಳಗಿರುತ್ತದೆ, ಆದ್ದರಿಂದ ಬಲ ಹಾಕದ ಹೊರತು ಅದಲುಬದಲಾಗುವುದಿಲ್ಲ. ಪವರ್ ಬಟನ್ನಿನ ವೈರಿನಲ್ಲಿ ಪ್ಲಸ್ ಮೈನಸ್ ನೋಡಬೇಕಿಲ್ಲ, ದೀಪಗಳದ್ದರಲ್ಲಿ ನೋಡಬೇಕು.

ಬರೀ ಪೆನ್‌ಡ್ರೈವ್ ಹಾಕುವ ಮನೆಯ ಕಂಪ್ಯೂಟರಾದರೆ ಕನ್ವರ್ಟರ್ ಸಾಕು, ಆದರೆ ಬಿಲ್ಲೆಯದು ಬೇಡ, ಗೇಣುದ್ದದ ವೈರಿರುವುದನ್ನು ತೆಗೆದುಕೊಳ್ಳಿ. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಉಳಿದಿದ್ದು, ಬಯಾಸ್‌ನ ಹಂಗಿಲ್ಲದವರಿಗೆ ಕಾರ್ಡು. ಇನ್ನೂ ಬೋರ್ಡನ್ನೇ ಕೊಂಡಿಲ್ಲವಾದರೆ ಈ ಮೂರರ ತಂಟೆಯೇ ಬೇಡ: ಅದೇ ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬಿ85 ಚಿಪ್‌ಸೆಟ್ ನಾಲ್ಕು 3.0 ಪೋರ್ಟು ಕೊಡುವುದರಿಂದ ಅದರ ಬೋರ್ಡುಗಳಲ್ಲಿ 19 ಪಿನ್ನಿನ ಹೆಡರ್ ಸಾಮಾನ್ಯವಾಗಿ ಇರುತ್ತದೆ; ನನಗೆ ಎಚ್81ಗಿಂತ ಅದು 600 ರೂಪಾಯಿ ಹೆಚ್ಚೆಂದು ಕಂಡಿತ್ತು, ಬೇಡವೆಂದೆ. ಆ ಬಳಿಕ ಎರಡು ಕನ್ವರ್ಟರ್, ಒಂದು ಕಾರ್ಡ್, ಒಂದು ಕೇಬಲ್ ಸೇರಿ 1,550 ರೂಪಾಯಿ ಆಯಿತು.

ಕಾರ್ಡನ್ನು ಭಾಮೈದ ತನ್ನ ಹರಿಹರದ ಕಂಪ್ಯೂಟರಿಗೆ 600 ರೂಪಾಯಿ ಕೊಟ್ಟು ಒಯ್ದ. ಪಿನ್ನು ಮುರಿದ ಬಿಲ್ಲೆ ಕಸಕ್ಕೆ ಹೋಯಿತು. ತಿರುವುಮುರುವಾದ ಮೊದಲ ಕನ್ವರ್ಟರ್ ಮಾತ್ರ ಮೇಜಿನ ಡ್ರಾಯರಿನಲ್ಲಿದೆ. ಹಳೆಯ ಕ್ಯಾಬಿನೆಟ್ಟಿನಲ್ಲಿ ಹೊಸ ಬೋರ್ಡ್ ಹಾಕಿ ನನ್ನಂತೆಯೇ ಪರದಾಡುವವರು ಯಾರಾದರೂ ಅಂಗಡಿಗೆ ಬಂದರೆ ಪುಕ್ಕಟೆ ಕೊಡುವವನಿದ್ದೇನೆ.